ಒದ್ದೆ ಮಣ್ಣಲ್ಲಿ ಬಾಯಾರಿದ ಗಿಡ: ಒಂದು ಸ್ಟ್ರಿಂಗ್ ಆಫ್ ಪರ್ಲ್ಸ್ ಪ್ರಕರಣ

ಕಳೆದ ವರ್ಷ ಜೂನ್‌ನಲ್ಲಿ ಮೂರು ವಾರ ಅಕ್ಕನ ಮನೆಗೆ ಹೋಗಿದ್ದೆ. ವಾಪಸ್ ಬಂದವಳು ಬ್ಯಾಗ್ ಕೆಳಗಿಟ್ಟು ಸೀದಾ ಬಾಲ್ಕನಿಗೆ ಹೋದೆ. ಹೋಗುವಾಗ ಹಸಿ ಬಟಾಣಿ ಹಾಗೆ ದುಂಡಗೆ, ಮಿರಿಮಿರಿ ಅಂತಿದ್ದ ನನ್ನ ಸ್ಟ್ರಿಂಗ್ ಆಫ್ ಪರ್ಲ್ಸ್ ಗಿಡದ ಕಾಳುಗಳೆಲ್ಲ ಸುಕ್ಕುಗಟ್ಟಿದ್ದವು. ನೋಡಿದ ತಕ್ಷಣ ಅನಿಸಿದ್ದು ಒಂದೇ: ಪಾಪ, ನೀರಿಲ್ಲದೆ ಒಣಗಿದೆ. ಸ್ಟೂಲ್ ಹತ್ತಿ ಎರಡು ಲೋಟ ನೀರು ಸುರಿದೆ. ಸ್ವಲ್ಪ ಮೇಲಿಂದ ಚೆಲ್ಲಿತು. ಚೆನ್ನಾಗಿ ನೆನೆಯಿತು, ಸಾಕು ಅಂದುಕೊಂಡು ಇಳಿದೆ.

ನಾಲ್ಕನೇ ದಿನ, ಕಾಳು ಪೋಣಿಸಿದ ಹಾಗೆ ಜೋತುಬೀಳುವ ಬಳ್ಳಿಯ ಸರಗಳು ಬುಡದಿಂದಲೇ ಕಳಚಿ ಬೀಳತೊಡಗಿದವು.

ಗಿಡ ಪೂರ್ತಿ ಸಾಯಲಿಲ್ಲ, ಈಗ ಚೆನ್ನಾಗಿಯೇ ಇದೆ. ಆದರೆ ಅವತ್ತಿಂದ ಇವತ್ತಿನವರೆಗೆ ಏನಾಯಿತು ಅನ್ನೋದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಇದೇ ಥರ ಗಿಡ ಕಳೆದುಕೊಂಡವರು ನನಗೆ ಗೊತ್ತಿರುವವರಲ್ಲೇ ನಾಲ್ಕೈದು ಜನ ಇದ್ದಾರೆ. ಎಲ್ಲರೂ ಹೇಳಿದ್ದು ಒಂದೇ ಮಾತು: "ಇದ್ದಕ್ಕಿದ್ದ ಹಾಗೆ ಒಣಗಿಹೋಯ್ತು."

ಗಿಡ ಬಂದಿದ್ದು ಜನವರಿ ಕೊನೆಯಲ್ಲಿ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿ ಮನೆಗೆ ಬರುವಾಗ ದಾರಿಯಲ್ಲಿದ್ದ ಒಂದು ನರ್ಸರಿಗೆ ಸುಮ್ನೆ ನುಗ್ಗಿದ್ದೆ. 250 ರೂಪಾಯಿ. ನಾಲ್ಕಿಂಚಿನ ಪ್ಲಾಸ್ಟಿಕ್ ಕುಂಡ, ಹದಿನೇಳು ಸರ, ಉದ್ದದ್ದು ಹತ್ತಿರ ಹತ್ತಿರ ಒಂದು ಮೊಳ. ಅಮ್ಮ ಮೊದಲ ದಿನವೇ ಅದಕ್ಕೆ "ಬಟಾಣಿ ಬಳ್ಳಿ" ಅಂತ ಹೆಸರಿಟ್ಟಳು. ಅದೇ ಹೆಸರು ಉಳಿಯಿತು.

ಮೇ ತಿಂಗಳವರೆಗೆ ಅದು ರೂಮಿನ ಕಿಟಕಿ ಕಟ್ಟೆ ಮೇಲಿತ್ತು. ಹತ್ತು ದಿನಕ್ಕೊಮ್ಮೆ ನೀರು. ಯಾವ ತಕರಾರೂ ಇರಲಿಲ್ಲ. ಮೇ ಕೊನೆಗೆ ನನಗೆ ಅಲಂಕಾರದ ಹುಚ್ಚು ಹಿಡಿಯಿತು. ಬಿಳಿ ಪಿಂಗಾಣಿಯ ತೂಗು ಕುಂಡ ತಂದೆ. ಅದಕ್ಕೆ ತಳದಲ್ಲಿ ತೂತಿಲ್ಲ. ಪ್ಲಾಸ್ಟಿಕ್ ಕುಂಡವನ್ನು ಹಾಗೇ ಅದರೊಳಗೆ ಇಳಿಸಿದೆ. ಬಾಲ್ಕನಿಯ ಛಾವಣಿಗೆ ಕೊಕ್ಕೆ ಹಾಕಿಸಿ ತೂಗುಬಿಟ್ಟೆ. ಫೋಟೊದಲ್ಲಿ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ, ಮೂರು ವಾರ ಅದೇ ನನ್ನ ಫೋನಿನ ಸ್ಕ್ರೀನ್ ಮೇಲಿತ್ತು.

ಆಮೇಲೆ ಮುಂಗಾರು ಬಂತು, ನಾನು ಊರಿಗೆ ಹೋದೆ, ಗಿಡ ಅಮ್ಮನ ಸುಪರ್ದಿಗೆ ಹೋಯಿತು.

ಕೆಳಗಿಳಿಸಿ ನೋಡಿದಾಗ

ಸರಗಳು ಕಳಚಿದ ದಿನ ಕುಂಡ ಇಳಿಸಲು ಮತ್ತೆ ಸ್ಟೂಲ್ ಹತ್ತಿದೆ. ಕೊಕ್ಕೆಯಿಂದ ಬಿಡಿಸುವಾಗ ಕೈ ಜಗ್ಗಿತು. ಒಣಗಿದ ಗಿಡ ಇಷ್ಟು ಭಾರ ಇರಬಾರದಲ್ವಾ? ಪ್ಲಾಸ್ಟಿಕ್ ಕುಂಡ ಎತ್ತಿದರೆ ಪಿಂಗಾಣಿಯ ತಳದಲ್ಲಿ ಎರಡು ಬೆರಳು ನೀರು ನಿಂತಿದೆ. ವಾಸನೆ, ದೇವರ ಮನೆಯಲ್ಲಿ ವಾರಗಟ್ಟಲೆ ಬದಲಿಸದ ಹೂವಿನ ನೀರಿನದ್ದು.

ಅಮ್ಮನನ್ನು ಕೇಳಿದೆ. ತಪ್ಪಿತಸ್ಥರನ್ನು ಹಿಡಿದ ದನಿಯಲ್ಲೇ ಕೇಳಿದೆ ಅಂತ ಈಗ ನಾಚಿಕೆಯಾಗುತ್ತದೆ.

"ತುಳಸಿಗೆ ಹಾಕಿದ ಹಾಗೇ ಹಾಕಿದೆ ಕಣೇ. ದಿನಾ ಒಂದು ಕಾಫಿ ಲೋಟ. ಇದಕ್ಕೇನು ಬೇರೆ ಲೆಕ್ಕನಾ?"

ಬೇರೆ ಲೆಕ್ಕವೇ. ಆದರೆ ಅದನ್ನು ನಾನು ಹೇಳಿ ಹೋಗಿರಲಿಲ್ಲ. ಕಾಫಿ ಲೋಟ ಅಂದರೆ ಸುಮಾರು 100 ಮಿಲಿ. ಇಪ್ಪತ್ತೊಂದು ದಿನಕ್ಕೆ ಎರಡು ಲೀಟರ್ ದಾಟುತ್ತದೆ. ಆ ಕುಂಡದಲ್ಲಿ ಹಿಡಿಯುವ ಮಣ್ಣೇ ಅರ್ಧ ಲೀಟರ್. ಸ್ಟೂಲ್ ಹತ್ತಬೇಡ ಅಂತ ನಾನೇ ತಾಕೀತು ಮಾಡಿದ್ದರಿಂದ ಅವಳು ಕೆಳಗಿನಿಂದಲೇ ಕೈ ಎತ್ತಿ ಅಂದಾಜಿನ ಮೇಲೆ ಹೊಯ್ದಿದ್ದಾಳೆ. ಮಣ್ಣು ಅವಳ ಕಣ್ಣಿಗೆ ಬಿದ್ದೇ ಇಲ್ಲ. ಬಾಲ್ಕನಿ ನೆಲ ಒಂದೆರಡು ಸಲ ಒದ್ದೆಯಾಗಿತ್ತಂತೆ. ಮಳೆ ಎರಚಲು ಅಂದುಕೊಂಡಳಂತೆ.

ಗಿಡವನ್ನು ಹಳೇ ಪೇಪರ್ ಮೇಲೆ ಮಗುಚಿದೆ. ಪೂರ್ತಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಪ್ಪಗೆ, ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. ನಡುವಲ್ಲಿ ನಿಂಬೆಹಣ್ಣಿನ ಗಾತ್ರದ ಇನ್ನೊಂದು ಗಟ್ಟಿ ಉಂಡೆ, ಸುತ್ತ ತೆಳು ಬಲೆ. ನರ್ಸರಿಯಲ್ಲಿ ಮೊದಲು ಬೇರು ಬರಿಸಿದ ಉಂಡೆ ಅದು. ಅದರೊಳಗಿನ ಬೇರುಗಳಿಗೆ ಹೊರಗೆ ದಾರಿಯೇ ಸಿಕ್ಕಿರಲಿಲ್ಲ. ಒಂದು ಬೇರನ್ನು ಉಗುರಿನಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಕಂದು ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ಕೂದಲಿನಂಥ ಎಳೆ ಮಾತ್ರ ಉಳಿಯಿತು. ಬದುಕಿರುವ ಬೇರು ಹಾಗೆ ಸಿಪ್ಪೆ ಬಿಡುವುದಿಲ್ಲ. ಅದು ಬೆಳ್ಳಗೆ ಇರುತ್ತದೆ, ಎಳೆದರೆ ಟಪ್ ಅಂತ ಮುರಿಯುತ್ತದೆ.

ನರ್ಸರಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ಕೋಕೋಪೀಟ್ ಹಗುರ, ಅಗ್ಗ, ಸಾಗಿಸಲು ಸುಲಭ. ನೆರಳು ಬಲೆಯ ಕೆಳಗೆ, ಗಾಳಿ ಆಡುವ ಕಡೆ, ಅನುಭವ ಇರುವ ಕೈ ನೀರು ಹಾಕುವಾಗ ಅದರಲ್ಲಿ ಗಿಡ ಚೆನ್ನಾಗೇ ಬೆಳೆಯುತ್ತದೆ. ಮನೆಗೆ ಬಂದ ಮೇಲೆ ಲೆಕ್ಕ ತಪ್ಪುತ್ತದೆ. ಅದು ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಳ್ಳುತ್ತದೆ. ಪೂರ್ತಿ ಒಣಗಿಬಿಟ್ಟರೆ ಇನ್ನೊಂದು ತಮಾಷೆ: ಕುಗ್ಗಿ ಕುಂಡದ ಅಂಚು ಬಿಡುತ್ತದೆ, ಹಾಕಿದ ನೀರು ಪಕ್ಕದಿಂದಲೇ ಇಳಿದು ಹೋಗುತ್ತದೆ, ನಡುವಿನ ಉಂಡೆಗೆ ಹನಿಯೂ ತಾಕುವುದಿಲ್ಲ.

ಸುಕ್ಕು ಯಾಕೆ ಬಂತು

ನಾನು ಎಡವಿದ್ದು ಇಲ್ಲೇ. ಸುಕ್ಕು ನೋಡಿ ಬಾಯಾರಿಕೆ ಅಂದೆ. ಅದು ಬಾಯಾರಿಕೆಯೇ ಹೌದು, ಆದರೆ ನೀರಿನ ಮಧ್ಯೆ ನಿಂತ ಬಾಯಾರಿಕೆ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ನಿಂತರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಸತ್ತದ್ದಕ್ಕೆ ಕೊಳೆರೋಗ ಅಂಟುತ್ತದೆ. ಕುಡಿಯುವ ಬೇರೇ ಇಲ್ಲದ ಮೇಲೆ ಕಾಳುಗಳು ತಮ್ಮೊಳಗೆ ಕೂಡಿಟ್ಟ ನೀರನ್ನೇ ಖರ್ಚು ಮಾಡುತ್ತವೆ, ಸುಕ್ಕಾಗುತ್ತವೆ. ನೋಡುವವರಿಗೆ ನೀರು ಸಾಲದ ಗಿಡಕ್ಕೂ ನೀರು ಜಾಸ್ತಿಯಾದ ಗಿಡಕ್ಕೂ ಈ ಹಂತದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನನ್ನ ಹಾಗೆ ಇನ್ನೆರಡು ಲೋಟ ಸುರಿದರೆ ಅಲ್ಲಿಗೆ ಮುಗಿಯಿತು.

ವ್ಯತ್ಯಾಸ ಹಿಡಿದುಕೊಟ್ಟಿದ್ದು ಅಮ್ಮ. ಪೇಪರ್ ಮೇಲೆ ಬಿದ್ದಿದ್ದ ಕಾಳುಗಳನ್ನು ಸುಮ್ನೆ ಒತ್ತಿ ನೋಡುತ್ತಾ ಕೂತಿದ್ದಳು. ಬುಡದ ಕಡೆಯ ಕಾಳು ಒತ್ತಿದರೆ ಸಿಪ್ಪೆ ಬಿಟ್ಟು ಪಿಚಕ್ ಅಂತ ಜಾರಿತು.

"ಇದು ಹಿತಕಿದವರೆ ಆಗಿದೆ" ಅಂದಳು. ಸರದ ತುದಿಯಿಂದ ಇನ್ನೊಂದು ಕಾಳು ಕಿತ್ತು ಒತ್ತಿದಳು. ಮುದುಡಿತ್ತು, ಆದರೆ ಸಿಪ್ಪೆ ಬಿಡಲಿಲ್ಲ. "ಇದು ಒಣ ಬಟಾಣಿ. ನೆನೆಸಿದರೆ ಉಬ್ಬುತ್ತೆ."

ಇದಕ್ಕಿಂತ ಸರಳವಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ. ಹಿತಕಿದವರೆ ಕಾಳು ಸಿಕ್ಕರೆ ಕೊಳೆರೋಗ ಕಾಂಡದವರೆಗೆ ಬಂದಿದೆ ಅಂತ ಅರ್ಥ, ಕತ್ತರಿ ತೆಗೆದುಕೊಳ್ಳಬೇಕು. ಒಣ ಬಟಾಣಿ ಆಗಿದ್ದರೆ ಮಣ್ಣು ಮುಟ್ಟಿ ನೋಡದೆ ತೀರ್ಮಾನ ಮಾಡಬಾರದು. ಮಣ್ಣೂ ಒಣಗಿದ್ದರೆ ನೀರು ಹಾಕಿ, ಒಂದೆರಡು ದಿನದಲ್ಲಿ ಉಬ್ಬುತ್ತದೆ. ಮಣ್ಣು ಒದ್ದೆ ಇದ್ದೂ ಕಾಳು ಸುಕ್ಕಾಗಿದ್ದರೆ ಬೇರು ಹೋಗಿದೆ.

ಆ ಕಾಳು ಅಂದರೆ ಎಲೆಯೇ, ಕಾಯಲ್ಲ. ಈ ಗಿಡದ ತವರು ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಒಣ ಜಾಗಗಳು. ಅಲ್ಲಿ ನೀರು ಉಳಿಸಿದವನೇ ಬದುಕುವುದು. ಇಷ್ಟು ನೀರಿಗೆ ಅತಿ ಕಡಿಮೆ ಮೈ ಬಿಸಿಲಿಗೊಡ್ಡುವ ಆಕಾರ ಯಾವುದು ಅಂದರೆ ಗೋಲ. ಆದರೆ ಗೋಲವಾದರೆ ಬೆಳಕು ಹಿಡಿಯುವ ಮೈಯೂ ಕಮ್ಮಿ ಆಗುತ್ತದಲ್ವಾ? ಅದಕ್ಕೂ ಉಪಾಯವಿದೆ. ಪ್ರತಿ ಕಾಳಿನ ಮೇಲೂ ಗಾಢ ಹಸಿರಿನ ಒಂದು ಗೆರೆ ಕಾಣುತ್ತದೆ. ಕಾಳನ್ನು ಬೆಳಕಿಗೆ ಹಿಡಿದರೆ ಅಲ್ಲಿ ಗಾಜಿನ ಹಾಗೆ ಪಾರದರ್ಶಕ. ಅದೇ ಕಿಟಕಿ. ಬೆಳಕು ಅಲ್ಲಿಂದ ಒಳಗೆ ಹೋಗಿ ಒಳಗಿನ ಹಸಿರು ಪದರಕ್ಕೆ ತಾಕುತ್ತದೆ. ಚೆನ್ನಾಗಿ ನೀರು ಕುಡಿದ ಕಾಳಿನಲ್ಲಿ ಕಿಟಕಿ ಅಗಲವಾಗಿ ತೆರೆದಿರುತ್ತದೆ, ನೀರು ಕಮ್ಮಿಯಾದಾಗ ಗೆರೆ ಸಣ್ಣಗಾಗುತ್ತದೆ. ಈಗ ನಾನು ಸುಕ್ಕು ಬರುವವರೆಗೆ ಕಾಯುವುದಿಲ್ಲ, ಗೆರೆ ನೋಡಿಯೇ ತಿಳಿಯುತ್ತದೆ.

ಗಿಡದ ಹೆಸರಿನ ಬಗ್ಗೆಯೂ ಒಂದು ಮಾತು. 1968ರಲ್ಲಿ ಜರ್ಮನಿಯ ಸಸ್ಯತಜ್ಞ ಹರ್ಮನ್ ಜಾಕೊಬ್ಸನ್ ಇದಕ್ಕೆ ಸೆನೆಸಿಯೊ ರೌಲಿಯಾನಸ್ ಅಂತ ಹೆಸರಿಟ್ಟರು, ಬ್ರಿಟನ್ನಿನ ಸಸ್ಯತಜ್ಞ ಗಾರ್ಡನ್ ರೌಲಿ ಅವರ ಗೌರವಕ್ಕೆ. ಈಗ ಕ್ಯೂರಿಯೊ ರೌಲಿಯಾನಸ್ ಅನ್ನುತ್ತಾರೆ. ಕುಟುಂಬ ಮಾತ್ರ ನಮಗೆ ಗೊತ್ತಿರುವುದೇ, ಸೇವಂತಿಗೆ ಮತ್ತು ಸೂರ್ಯಕಾಂತಿಯದ್ದು.

ನೆತ್ತಿ ಬೋಳಾಗಿದ್ದು

ಬೇರು ಕೊಳೆತಿದ್ದು ಅರ್ಧ ಕಥೆ. ಗಿಡ ಮಗುಚುವ ಮುಂಚೆ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿದರೆ ಇನ್ನೊಂದು ವಿಷಯ ಕಂಡಿತು. ಕುಂಡದ ಬಾಯಿಯ ಹತ್ತಿರ ಒಂದು ಕಾಳೂ ಇಲ್ಲ. ಬರೀ ಕಂದು ದಾರಗಳು. ಕಾಳುಗಳೆಲ್ಲ ಇರುವುದು ಕೆಳಗೆ, ಗ್ರಿಲ್‌ನ ಮಟ್ಟಕ್ಕೆ ಜೋತುಬಿದ್ದ ತುದಿಗಳಲ್ಲಿ.

ಕೊಕ್ಕೆ ಹಾಕಿಸಿದ್ದು ಛಾವಣಿಗೆ, ಕುಂಡದ ಬಾಯಿಗೂ ಛಾವಣಿಗೂ ನಡುವೆ ಒಂದೂವರೆ ಗೇಣು. ಮೇಲೆ ಸಜ್ಜಾ. ಬೆಳಕು ಬರುವುದು ಗ್ರಿಲ್‌ನಿಂದ, ಅಂದರೆ ಕೆಳಗಿನಿಂದ, ಓರೆಯಾಗಿ. ಸರಗಳಿಗೆ ಬೆಳಕು ಸಿಕ್ಕಿತು, ನೆತ್ತಿಗೆ ಸಿಗಲಿಲ್ಲ. ನೆತ್ತಿಗೆ ಬೆಳಕಿಲ್ಲದ ಮೇಲೆ ಮಣ್ಣಿನ ಮೇಲ್ಪದರ ಒಣಗುವುದೂ ನಿಧಾನ. ಅದರ ಮೇಲೆ ಜೂನ್ ತಿಂಗಳ ಮೋಡ, ತೇವದ ಗಾಳಿ. ಅಮ್ಮನ ಲೋಟ ಇದ್ದಿದ್ದೇ.

ಈ ಗಿಡದ ಬಗ್ಗೆ ನನ್ನ ತಿಳಿವಳಿಕೆ ಬದಲಾಗಿದ್ದು ಇಲ್ಲಿ. ನಾವು ಇದನ್ನು ತೂಗುವ ಗಿಡ ಅಂದುಕೊಂಡಿದ್ದೇವೆ. ತವರಿನಲ್ಲಿ ಇದು ತೂಗುವುದಿಲ್ಲ. ಕಲ್ಲಿನ ಪಕ್ಕ, ಪೊದೆಯ ಬುಡದ ಅರೆನೆರಳಲ್ಲಿ ನೆಲದ ಮೇಲೆ ಹರಿಯುತ್ತದೆ. ಮಣ್ಣು ತಾಕಿದ ಕಡೆ ಗಿಣ್ಣಿನಿಂದ ಬೇರು ಬಿಡುತ್ತಾ ಚಾಪೆ ಹಾಸಿದ ಹಾಗೆ ಹರಡುತ್ತದೆ. ನಮ್ಮ ಒಂದೆಲಗ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಂದೆಲಗದ ಹಂಬನ್ನು ತಂದು ಛಾವಣಿಗೆ ನೇತುಹಾಕಿದರೆ ಏನಾಗುತ್ತದೋ ಅದನ್ನೇ ನಾನು ಇದಕ್ಕೆ ಮಾಡಿದ್ದೆ. ತೂಗುವ ಸರಕ್ಕೆ ಹೊಸ ಬೇರು ಊರಲು ನೆಲವಿಲ್ಲ. ಎಲ್ಲದಕ್ಕೂ ಬುಡದ ನಾಲ್ಕು ಬೇರನ್ನೇ ನಂಬಿಕೊಂಡಿರಬೇಕು. ಆ ಬುಡ ಕೊಳೆತರೆ ಒಂದು ಮೊಳದ ಸರವೂ ಒಟ್ಟಿಗೇ ಹೋಗುತ್ತದೆ. "ಇದ್ದಕ್ಕಿದ್ದ ಹಾಗೆ" ಅನಿಸುವುದು ಅದಕ್ಕೇ.

ಹಾಗಾಗಿ ಉಳಿಸುವುದು ಅಂದರೆ ಮತ್ತೆ ನೆಲ ಹಿಡಿಸುವುದು.

ಉಳಿಸಿದ ಬಗೆ

ಹದಿನೇಳು ಸರಗಳಲ್ಲಿ ಆರು ಪೂರ್ತಿ ಹೋಗಿದ್ದವು. ಉಳಿದ ಹನ್ನೊಂದನ್ನು ತುದಿಯಿಂದ ಬುಡದ ಕಡೆಗೆ ನೋಡುತ್ತಾ ಬಂದೆ. ಕಾಂಡ ಕತ್ತರಿಸಿದ ಜಾಗದಲ್ಲಿ ಒಳಗೆ ಹಸಿರು ಕಂಡರೆ ಇಟ್ಟುಕೊಂಡೆ. ಕಂದು ಚುಕ್ಕೆ ಕಂಡರೆ ತುದಿಯ ಕಡೆಗೆ ಇನ್ನೊಂದು ಅಂಗುಲ ಬಿಟ್ಟು ಕತ್ತರಿಸಿದೆ. ಪ್ರತಿ ಸಲವೂ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಕೊನೆಗೆ ಅರ್ಧ ಗೇಣಿನ 26 ತುಂಡು ಸಿಕ್ಕವು. ಗಾಯ ಒಣಗಲಿ ಅಂತ ಎರಡು ದಿನ ನೆರಳಲ್ಲಿ ಪೇಪರ್ ಮೇಲೆ ಬಿಟ್ಟೆ. ಮಳೆಗಾಲವಾದ್ದರಿಂದ ಎರಡು ದಿನ ಬೇಕೇ ಬೇಕಿತ್ತು.

ಕುಂಡ ಈ ಸಲ ಮಣ್ಣಿನದು, ತಟ್ಟೆಯಂಥದ್ದು. ಆರಿಂಚು ಅಗಲ, ಮೂರಿಂಚು ಆಳ, ತಳದಲ್ಲಿ ತೂತು. ಇದರ ಬೇರು ಆಳಕ್ಕೆ ಹೋಗುವುದಿಲ್ಲ, ಆಳದ ಕುಂಡದಲ್ಲಿ ಕೆಳಗಿನ ಮಣ್ಣು ಸುಮ್ನೆ ಒದ್ದೆಯಾಗಿ ಕೂರುತ್ತದೆ. ಮಣ್ಣಿನ ಕುಂಡದ ಗೋಡೆಯಿಂದಲೂ ತೇವ ಆರುತ್ತದೆ.

ಮಿಶ್ರಣಕ್ಕೆ ಪರ್ಲೈಟ್, ಪ್ಯೂಮಿಸ್ ಅಂತ ದುಬಾರಿ ಸಾಮಾನು ತರಲಿಲ್ಲ. ಪಕ್ಕದ ಸೈಟಿನಲ್ಲಿ ಕೆಲಸ ನಡೆಯುತ್ತಿತ್ತು. ಮೇಸ್ತ್ರಿಯನ್ನು ಕೇಳಿ ಒಡೆದ ಇಟ್ಟಿಗೆ ನಾಲ್ಕು ತಂದೆ. ಕುಟ್ಟಿ, ಜರಡಿ ಹಿಡಿದು, ಕಡಲೆಕಾಳಿನಷ್ಟು ದಪ್ಪದ ಚೂರು ಇಟ್ಟುಕೊಂಡೆ, ಪುಡಿ ಎಸೆದೆ. ಪುಡಿ ಸೇರಿಸಿದರೆ ಅದು ಸಂದುಗಳನ್ನೆಲ್ಲ ಮುಚ್ಚಿ ಕೆಸರಾಗುತ್ತದೆ. ಮರಳೂ ಅಷ್ಟೇ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ಮಾಡಿದ ಮರಳು) ಹಾಗೇ ಹಾಕಬಾರದು, ನಾಲ್ಕೈದು ನೀರಿನಲ್ಲಿ ತೊಳೆದು ದಪ್ಪ ಕಾಳು ಮಾತ್ರ ಉಳಿಸಿಕೊಳ್ಳಬೇಕು. ಎಲೆಗೊಬ್ಬರ ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಮರಳು ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ನೀರು ಸುರಿದು ನೋಡಿದೆ. ಮೇಲೆ ನಿಲ್ಲದೆ ಸರ್ರನೆ ಇಳಿದು ತಳದಿಂದ ಬಂತು. ಅಷ್ಟಾದರೆ ಸಾಕು.

26 ತುಂಡುಗಳನ್ನು ಮೂರು ಪಾಲು ಮಾಡಿದೆ, ಯಾವುದು ಹಿಡಿಯುತ್ತದೆ ನೋಡೋಣ ಅಂತ. ಆರನ್ನು ಗಾಜಿನ ಲೋಟದ ನೀರಿನಲ್ಲಿಟ್ಟೆ. ಆರನ್ನು ಕೆಳಗಿನ ಕಾಳು ಕಿತ್ತು ಮಣ್ಣಿನಲ್ಲಿ ನೆಟ್ಟಗೆ ಊರಿದೆ. ಉಳಿದ ಹದಿನಾಲ್ಕನ್ನು ಮಣ್ಣಿನ ಮೇಲೆ ಸುರುಳಿಯಾಗಿ ಮಲಗಿಸಿದೆ. ಅಲ್ಲಾಡದ ಹಾಗೆ ಒತ್ತಿ ಹಿಡಿಯಲು ತೆಂಗಿನ ಪೊರಕೆಯ ಕಡ್ಡಿಯನ್ನು ನೀರಲ್ಲಿ ನೆನೆಸಿ, ಮಧ್ಯಕ್ಕೆ ಬಗ್ಗಿಸಿ ಚುಚ್ಚಿದೆ. ಹೇರ್‌ಪಿನ್ ಕೂಡ ಆಗುತ್ತದೆ, ತುಕ್ಕು ಹಿಡಿಯುತ್ತದೆ ಅಷ್ಟೇ.

ನೀರಿನಲ್ಲಿಟ್ಟವು ಎಲ್ಲಕ್ಕಿಂತ ಮುಂಚೆ ಬೇರು ಬಿಟ್ಟವು. ಹತ್ತನೇ ದಿನಕ್ಕೇ ಬಿಳಿ ಎಳೆ ಕಂಡಿತು, ಅಮ್ಮ ಬಹಳ ಖುಷಿಪಟ್ಟಳು. ಆದರೆ ಮಣ್ಣಿಗೆ ಬದಲಿಸಿದ ಮೇಲೆ ಆರರಲ್ಲಿ ಎರಡು ಉಳಿದವು. ನೀರಿಗೆ ಒಗ್ಗಿದ ಬೇರು ಮಣ್ಣಿಗೆ ಬೇಗ ಒಗ್ಗುವುದಿಲ್ಲ. ನೆಟ್ಟಗೆ ಊರಿದ ಆರರಲ್ಲಿ ಮೂರು ಕೊಳೆತವು. ಮಲಗಿಸಿದ ಹದಿನಾಲ್ಕರಲ್ಲಿ ಹನ್ನೆರಡು ಹಿಡಿದವು, ಒಂದೊಂದು ತುಂಡೂ ಎರಡು ಮೂರು ಗಿಣ್ಣಿನಲ್ಲಿ ಬೇರು ಊರಿತ್ತು. ಒಂದು ಮನೆಯ ಒಂದು ಮಳೆಗಾಲದ ಲೆಕ್ಕ ಇದು, ಅಷ್ಟಕ್ಕಷ್ಟೇ. ಆದರೂ ಇನ್ನು ಮುಂದೆ ನಾನು ಮಲಗಿಸುವುದೇ.

ಮೊದಲ ಐದು ದಿನ ನೀರು ಹಾಕಲಿಲ್ಲ. ಆಮೇಲೆ ಮೂರು ದಿನಕ್ಕೊಮ್ಮೆ ಮೇಲ್ಪದರ ನೆನೆಯುವಷ್ಟು ಸ್ಪ್ರೇ. ಒಂದು ತಿಂಗಳಾದ ಮೇಲೆ ಸರವನ್ನು ಮೆಲ್ಲಗೆ ಎಳೆದರೆ ಮಣ್ಣು ಬಿಡಲಿಲ್ಲ. ಅಲ್ಲಿಂದ ಪೂರ್ತಿ ನೆನೆಸಿ, ಪೂರ್ತಿ ಒಣಗಲು ಬಿಡುವ ಕ್ರಮ ಶುರುವಾಯಿತು.

ಅಗರಬತ್ತಿ ಕಡ್ಡಿ

ಕುಂಡ ಈಗ ಪೂರ್ವದ ಕಿಟಕಿ ಕಟ್ಟೆಯ ಮೇಲಿದೆ, ಎದೆಮಟ್ಟದಲ್ಲಿ. ಬೆಳಿಗ್ಗೆ ಒಂಬತ್ತೂವರೆವರೆಗೆ ಎಳೆ ಬಿಸಿಲು ನೇರ ನೆತ್ತಿಗೆ ಬೀಳುತ್ತದೆ. ಪಶ್ಚಿಮದ ಕಿಟಕಿಗೆ ಒಮ್ಮೆ ಇಟ್ಟು ನೋಡಿದ್ದೆ, ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಎರಡೇ ದಿನದಲ್ಲಿ ಕಾಳುಗಳ ಒಂದು ಮಗ್ಗುಲು ಬೆಂದ ಹಾಗೆ ಬಿಳಿಚಿತು.

ನೀರಿನ ವಿಷಯದಲ್ಲಿ ಅಮ್ಮನಿಗೂ ನನಗೂ ಒಂದು ಒಪ್ಪಂದ ಆಯಿತು. ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಅನ್ನುವ ಲೆಕ್ಕ ಬೇಡ. ದೇವರ ಮನೆಯಲ್ಲಿ ಉರಿದು ಉಳಿದ ಅಗರಬತ್ತಿ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡುವುದು. ತೆಗೆದಾಗ ಕಡ್ಡಿ ಬಣ್ಣ ಬದಲಿಸಿದ್ದರೆ, ಮಣ್ಣು ಅಂಟಿದ್ದರೆ ನೀರಿಲ್ಲ. ಒಣಗಿ ಬಂದರೆ ಕಾಳಿನ ಗೆರೆ ನೋಡುವುದು. ಎರಡೂ ಹೌದು ಅಂದರೆ ಮಾತ್ರ ನೀರು. ಅದೂ ಲೋಟದಲ್ಲಲ್ಲ, ಸಿಂಕಿನಲ್ಲಿಟ್ಟು ತಳದಿಂದ ಹರಿಯುವವರೆಗೆ, ಸೋರಿ ನಿಂತ ಮೇಲೆ ವಾಪಸ್ ಕಟ್ಟೆಗೆ.

ಕಡ್ಡಿ ನಂಬಬಹುದಾ ಅಂತ ನಾನು ಕುಂಡವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೂ ನೋಡಿದೆ. ನೀರು ಹಾಕಿ ಸೋರಿದ ಮೇಲೆ 1,580 ಗ್ರಾಂ. ಕಡ್ಡಿ ಒಣಗಿ ಬರುವ ದಿನ ಹೆಚ್ಚುಕಮ್ಮಿ 1,350. ಇಷ್ಟು ಇಳಿಯಲು ಆಗಸ್ಟ್‌ನಲ್ಲಿ ಹದಿನೈದು ದಿನ ಬೇಕಾಯಿತು, ಡಿಸೆಂಬರ್‌ನಲ್ಲಿ ಹನ್ನೊಂದು, ಏಪ್ರಿಲ್‌ನಲ್ಲಿ ಆರು. ಒಂದೇ ಗಿಡ, ಒಂದೇ ಕಿಟಕಿ. ಹಾಗಿದ್ದ ಮೇಲೆ "ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು" ಅಂತ ಯಾರಾದರೂ ಕೇಳಿದರೆ ಏನು ಹೇಳೋದು?

ನವೆಂಬರ್‌ನಲ್ಲಿ ಹಿಟ್ಟು ತಿಗಣೆ ಬಂತು. ಸುಳಿವು ಕೊಟ್ಟಿದ್ದು ಇರುವೆ, ಕುಂಡದ ಅಂಚಿನಲ್ಲಿ ಸಾಲು ಹೋಗುತ್ತಿದ್ದವು. ಕಾಳು ಕಾಂಡ ಸೇರುವ ಜಾಗದಲ್ಲಿ ಹತ್ತಿ ಚೂರಿನಂತೆ ಬಿಳಿ ಕೂತಿತ್ತು. ಕಿವಿ ಒರೆಸುವ ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿದೆ. ಐದು ದಿನ ಬಿಟ್ಟು ಮತ್ತೆ, ಇನ್ನೈದು ದಿನ ಬಿಟ್ಟು ಮತ್ತೆ. ಬೇಸರದ ಕೆಲಸ, ಆದರೆ ಹೋಯಿತು.

ಜನವರಿಯ ಚಳಿಯಲ್ಲಿ ಎರಡು ಹೂ ಬಿಟ್ಟಿತ್ತು. ನೋಡಲು ಏನೂ ಇಲ್ಲ, ಬಿಳಿ ಬ್ರಷ್ಷಿನ ತುದಿಯಂತೆ ಸಣ್ಣದು. ಹತ್ತಿರ ಹೋದರೆ ದಾಲ್ಚಿನ್ನಿ ವಾಸನೆ. ಅಮ್ಮ ಪಲಾವ್ ಮಾಡುತ್ತಿದ್ದಾಳೆ ಅಂತ ಅಡುಗೆಮನೆಗೆ ಹೋಗಿ ನೋಡಿದ್ದೆ.

ಕೆಳಗಿನ ಮನೆ ಆಂಟಿ ಹೂ ನೋಡಿ ಒಂದು ತುಂಡು ಕೇಳಿದರು. ಅವರ ಮನೆಯಲ್ಲಿ ಎರಡು ವರ್ಷದ ಮೊಮ್ಮಗು ಇದೆ. ಈ ಗಿಡ ತಿನ್ನುವುದಲ್ಲ, ಹೊಟ್ಟೆಗೆ ಹೋದರೆ ವಾಂತಿ ಭೇದಿ ಆಗಬಹುದು, ರಸ ಕೆಲವರ ಚರ್ಮಕ್ಕೆ ಕೆರೆತ ತರುತ್ತದೆ, ನಾಯಿ ಬೆಕ್ಕಿಗೂ ಆಗಿಬರುವುದಿಲ್ಲ. ಬಟಾಣಿ ಅಂತ ಕರೆಯುತ್ತಾ ಮಗುವಿನ ಕೈಗೆ ಎಟುಕುವ ಕಡೆ ಇಡುವುದು ಬೇಡ ಅಂತ ಹೇಳಿಯೇ ಕೊಟ್ಟೆ. ಅವರು ಫ್ರಿಜ್ ಮೇಲಿಡುತ್ತೇನೆ ಅಂದರು. ಅಲ್ಲಿ ಬೆಳಕಿಲ್ಲ, ಗ್ರಿಲ್ಲಿಗೆ ಎತ್ತರದಲ್ಲಿ ಕಟ್ಟಿ ಅಂದೆ. ಅಮ್ಮ ಜೊತೆಗೆ ಒಂದು ಹಿಡಿ ಅಗರಬತ್ತಿ ಕಡ್ಡಿಯನ್ನೂ ಕೊಟ್ಟು ಕಳಿಸಿದಳು.

ನಮ್ಮ ಕುಂಡದ ಸರಗಳು ಈಗ ಅಂಚು ದಾಟಿ ಒಂದು ಗೇಣು ಇಳಿದಿವೆ. ನೆತ್ತಿ ತುಂಬಿದೆ, ಒಂದು ಮೂಲೆ ಬಿಟ್ಟು. ಅಲ್ಲಿ ಯಾಕೋ ಹಿಡಿಯುತ್ತಿಲ್ಲ, ಒಂದು ಉದ್ದ ಸರವನ್ನೇ ತಿರುಗಿಸಿ ಅಲ್ಲಿ ಮಲಗಿಸಿದ್ದೇನೆ. ಬಿಳಿ ಪಿಂಗಾಣಿ ಕುಂಡಕ್ಕೆ ತೂತು ಕೊರೆಸಲು ಹೋಗಿ ಬಿರುಕು ಬಂತು, ಅದರಲ್ಲೀಗ ಬಟ್ಟೆ ಕ್ಲಿಪ್ಪುಗಳಿವೆ. ಛಾವಣಿಯ ಕೊಕ್ಕೆಯಲ್ಲಿ ಮನಿ ಪ್ಲಾಂಟ್ ತೂಗುತ್ತಿದೆ. ಬರೀ ನೀರಿನ ಬಾಟಲಿಯಲ್ಲೂ ಬೆಳೆಯುವ ಜಾತಿ ಅದು. ಅಮ್ಮ ದಿನಾ ಬೆಳಿಗ್ಗೆ ಕೈ ಎತ್ತಿ ಒಂದು ಕಾಫಿ ಲೋಟ ನೀರು ಹಾಕುತ್ತಾಳೆ.